ಹಗ್ಗ ಮುಟ್ಟಿದವರ ಪಾಲು

ಪಡುವಣ ಕಡಲಿನ ದಂಡೆಯಲ್ಲಿ ಪಡುಕಲ್ಲು ಎಂಬ ಊರು. ಊರಿನ ಮುಂದೆ ಮರಳು, ಮರಳಿನ ಮುಂದೆ ನೀರು, ನೀರಿನ ಅಡಿಯಲ್ಲಿ ಕಲ್ಲು. ಆ ಕಲ್ಲುಗಳಿಂದಲೇ ಊರಿಗೆ ಹೆಸರು ಬಂದದ್ದು.

ಊರಿನವರದು ಒಂದು ಹಳೆಯ ಕಟ್ಟಳೆ. ದಂಡೆಯಿಂದ ರಂಪಣಿ ಎಳೆಯುವಾಗ ಯಾರು ಹಗ್ಗ ಮುಟ್ಟಿದರೂ ಅವರಿಗೆ ಮೀನಿನಲ್ಲಿ ಪಾಲುಂಟು. ರಂಪಣಿ ಎಂದರೆ ದೊಡ್ಡ ಬಲೆ. ದೋಣಿಯಲ್ಲಿ ಕೊಂಡುಹೋಗಿ ಅರ್ಧಚಂದ್ರದ ಹಾಗೆ ಕಡಲಿಗೆ ಬಿಡುತ್ತಾರೆ. ಎರಡು ತುದಿಗೆ ಎರಡು ಹಗ್ಗ. ಜನ ಎರಡೂ ಕಡೆ ಸಾಲಾಗಿ ನಿಂತು ಎಳೆಯಬೇಕು. ಒಂದೇ ಕಡೆ ಎಳೆದರೆ ಬಲೆ ಸೊಟ್ಟಗಾಗಿ ಮೀನೆಲ್ಲ ಜಾರಿಹೋಗುತ್ತದೆ. ಹಾಗಾಗಿ ಎಷ್ಟು ಕೈ ಇದ್ದರೂ ಸಾಲದು. ದಾರಿಹೋಕರೂ ಬಂದು ಸೇರುತ್ತಿದ್ದರು. ಒಮ್ಮೆ ಪೇಟೆಯ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಬರೀ ಫೋಟೋಕ್ಕಾಗಿ ಹಗ್ಗ ಹಿಡಿದು ನಿಂತರು. ಅವರ ಕೈಗೂ ಬಂಗುಡೆ ಮೀನು ಬಂತು. ಅವರು ಶುದ್ಧ ಸಸ್ಯಾಹಾರಿ. ಬೇಡ ಎಂದರೆ ಯಾರೂ ಕೇಳಲಿಲ್ಲ. ಪಾಲು ಪಾಲೇ.

ಈ ಊರಿನಲ್ಲಿ ಜಲಜಕ್ಕ ಎಂಬವಳಿದ್ದಳು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು. ಅವಳ ಅಪ್ಪ ಅಪ್ಪಿ ಬಂಗೇರ ಅವಳು ಚಿಕ್ಕವಳಿದ್ದಾಗಲೇ ಕಡಲುಪಾಲಾದ. ಅವನ ದೋಣಿ ನೀರಡಿಯ ಒಂದು ಕಲ್ಲಿಗೆ ಬಡಿದು ಒಡೆದಿತ್ತು. ಆಮೇಲೆ ಊರಿನವರು ಆ ಕಲ್ಲನ್ನು ಅಪ್ಪಿಯಣ್ಣನ ಕಲ್ಲು ಎಂದು ಕರೆದರು. ಅಮ್ಮನೂ ಹೋದ ಮೇಲೆ ಜಲಜಕ್ಕನಿಗೆ ಉಳಿದವನು ತಮ್ಮ ಸದಾಶಿವ ಒಬ್ಬನೇ. ಮೀನು ಮಾರಿ ಅವನನ್ನು ಸಾಕಿದವಳು ಅವಳೇ. ಅವನು ಬೆಳೆದು ಅಪ್ಪನ ಹಾಗೆಯೇ ದೋಣಿ ಹತ್ತಿದ. ಬೇಡ ಎಂದರೆ ಕೇಳುವ ಆಸಾಮಿಯಲ್ಲ.

ತಮ್ಮ ಕಡಲಿಗೆ ಹೋದಾಗಲೆಲ್ಲ ಅಕ್ಕನ ಜೀವ ಆ ಕಲ್ಲಿನ ಹತ್ತಿರವೇ ಸುತ್ತುತ್ತಿತ್ತು. ಮೊಬೈಲ್ ಬಂದ ಮೇಲೆ ಅವಳಿಗೆ ಒಂದು ಉಪಾಯ ಹೊಳೆಯಿತು. ಗಾಳಿಯಿಲ್ಲದ ಒಂದು ದಿನ ತಮ್ಮನ ದೋಣಿಯಲ್ಲಿ ಕೂತು, ತಿಳಿನೀರಿನಲ್ಲಿ ಹುಡುಕಿ ಹುಡುಕಿ ಕಲ್ಲಿನ ತನಕ ಹೋದಳು. ಅಲ್ಲೇ ಮೊಬೈಲಿನಲ್ಲಿ ಜಾಗದ ಗುರುತು ಒತ್ತಿ ಊರಿನ ಗ್ರೂಪಿಗೆ ಕಳಿಸಿದಳು. “ಅಪ್ಪಿಯಣ್ಣನ ಕಲ್ಲು. ದೂರ ಹೋಗಿ” ಎಂದು ಬರೆದಳು.

ಅದನ್ನು ನೋಡಿ ಉಳಿದವರೂ ಶುರು ಮಾಡಿದರು. ಬಲೆ ಹರಿದ ಜಾಗದಲ್ಲಿ ಒಬ್ಬ ಗುರುತು ಒತ್ತಿದ. ದೋಣಿಯ ತಳ ಉಜ್ಜಿದ ಜಾಗದಲ್ಲಿ ಇನ್ನೊಬ್ಬ ಒತ್ತಿದ. ನೋಡುತ್ತಾ ನೋಡುತ್ತಾ ಊರಿನ ಮುಂದಿನ ಕಲ್ಲುಗಳೆಲ್ಲ ಗ್ರೂಪಿನಲ್ಲಿ ಕೂತವು. ಯಾರೂ ಯಾರಿಗೂ ಕೂಲಿ ಕೊಡಲಿಲ್ಲ. ಒಬ್ಬನ ಬಲೆ ಹರಿದರೆ ಅದರಿಂದ ಹತ್ತು ಜನರ ಬಲೆ ಉಳಿಯುತ್ತಿತ್ತು.

ಹೀಗಿರುವಾಗ ಪ್ರಣೀತ್ ಎಂಬ ಯುವಕ ಊರಿಗೆ ಬಂದ. ಒಂದು ಕಂಪೆನಿಯವನು. ನೀಲಿದಾರಿ ಎಂಬ ಆ್ಯಪ್ ತಂದಿದ್ದ. ಹುಡುಗ ಕೆಟ್ಟವನೇನಲ್ಲ. ಹಿರಿಯರಿಗೆ ಕೈಮುಗಿದ, ಕೊಟ್ಟ ಚಹಾ ಕುಡಿದ, ಪ್ಯಾಂಟ್ ಮಡಚಿ ನೀರಿಗಿಳಿದು ರಂಪಣಿಯ ಹಗ್ಗವನ್ನೂ ಎಳೆದ. ಅಂಗೈ ಸಿಪ್ಪೆ ಎದ್ದರೂ ಬಿಡಲಿಲ್ಲ. ಮೀನು ಹಂಚುವ ಹೊತ್ತು ಬಂತು. ಹಂಚುವವರು ಊರಿನ ಮುಖ್ಯಸ್ಥರು, ಗುರಿಕಾರರಾದ ತ್ಯಾಂಪ ಕುಂದರ್. ಅವರು ಪ್ರಣೀತನ ಮುಂದೆ ಬೂತಾಯಿ ಮೀನಿನ ರಾಶಿ ಹಾಕಿಸಿದರು.

“ಮೀನು ಬೇಡ ಸರ್” ಎಂದ ಪ್ರಣೀತ್. “ನನ್ನ ಪಾಲಿಗೆ ನಿಮ್ಮ ಗ್ರೂಪಿನಲ್ಲಿರುವ ಕಲ್ಲುಗಳನ್ನು ಕೊಡಿ.”

ಎಲ್ಲರೂ ನಕ್ಕರು. “ಕಲ್ಲಾ? ತಗೊಂಡು ಹೋಗಿ ಮಾರಾಯ್ರೇ!” ಎಂದರು ಗುರಿಕಾರರು. “ನಮ್ಮ ಬಲೆ ಹರಿಯುವುದಾದ್ರೂ ತಪ್ತದೆ.”

ಬೇರೆ ಊರಾಗಿದ್ದರೆ ಇವನು ಯಾರು, ಯಾಕೆ ಎಂದು ಕೇಳುತ್ತಿದ್ದರೋ ಏನೋ. ಪಡುಕಲ್ಲಿನವರು ಕೇಳಲಿಲ್ಲ. ಹಗ್ಗ ಮುಟ್ಟಿದವನನ್ನು ಏನು ಕೇಳುವುದು? ಅವನೂ ಪಾಲುದಾರ. ಗ್ರೂಪಿನಲ್ಲಿದ್ದ ಗುರುತುಗಳನ್ನೆಲ್ಲ ಅವನಿಗೆ ಕಳಿಸಿಕೊಟ್ಟರು. ತಮ್ಮ ತಮ್ಮ ಮೊಬೈಲಿಗೆ ನೀಲಿದಾರಿ ಹಾಕಿಸಿಕೊಂಡರು. ಮೊದಲು ಹಾಕಿಸಿಕೊಂಡವಳು ಜಲಜಕ್ಕ. ಉದ್ದಕ್ಕೂ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಕೆಳಗೆ ‘ಒಪ್ಪಿದೆ’ ಎಂಬ ಗುಂಡಿ. ಅವಳು ಒತ್ತಿದಳು. ಉಳಿದ ಹೆಂಗಸರಿಗೂ “ಒತ್ತಿ ಒತ್ತಿ, ಎಂತ ಆಗುದಿಲ್ಲ” ಎಂದು ಧೈರ್ಯ ಹೇಳಿದಳು.

ನೀವು ನಗಬೇಡಿ. ಈ ಕಥೆ ಬಂದಿರುವ ನಿಮ್ಮ ಮೊಬೈಲಿನಲ್ಲೇ ನೀವು ಎಷ್ಟು ಸಲ ‘ಒಪ್ಪಿದೆ’ ಎಂದಿದ್ದೀರಿ, ಅದರಲ್ಲಿ ಎಷ್ಟು ಓದಿದ್ದೀರಿ, ನಿಮ್ಮ ಮನಸ್ಸಿಗೇ ಗೊತ್ತು.

ಆ್ಯಪ್ ಚೆನ್ನಾಗಿತ್ತು. ಸುಳ್ಳು ಹೇಳಬಾರದು. ಕಲ್ಲಿನ ಹತ್ತಿರ ಹೋದರೆ ಪೀಂ ಎಂದು ಕೂಗುತ್ತಿತ್ತು. ಗಾಳಿಯ ಸುದ್ದಿ, ಮೀನಿನ ಧಾರಣೆ ಎಲ್ಲ ಅದರಲ್ಲೇ ಬರುತ್ತಿತ್ತು. ಇತ್ತ ಊರಿನವರ ಮೊಬೈಲುಗಳು ಶುಭೋದಯದ ಗುಲಾಬಿ ಚಿತ್ರಗಳಿಂದ ಉಸಿರು ಕಟ್ಟಿದ್ದವು. ಜಾಗವಿಲ್ಲ, ಜಾಗವಿಲ್ಲ ಎಂದು ಮೊಬೈಲ್ ಗೋಗರೆಯುತ್ತಿತ್ತು. ಕಲ್ಲೆಲ್ಲ ಆ್ಯಪಿನಲ್ಲಿ ಭದ್ರವಾಗಿದೆಯಲ್ಲ ಎಂದು ಒಬ್ಬೊಬ್ಬರಾಗಿ ಹಳೆಯ ಗ್ರೂಪನ್ನು ಅಳಿಸಿದರು. ಗುಲಾಬಿಯ ಜೊತೆಗೆ ಕಲ್ಲೂ ಹೋಯಿತು.

ಸ್ವಲ್ಪ ಕಾಲ ಕಳೆಯಿತು. ಪ್ರಣೀತನ ಕಂಪೆನಿಯನ್ನು ಇನ್ನೊಂದು ದೊಡ್ಡ ಕಂಪೆನಿ ಕೊಂಡುಕೊಂಡಿತು. ಒಂದು ಬೆಳಿಗ್ಗೆ ಆ್ಯಪ್ ತೆರೆದರೆ ಕಲ್ಲುಗಳೇ ಇಲ್ಲ. ಬರೀ ನೀಲಿ ನೀರು. ಮೇಲೆ ಒಂದು ಸಾಲು: ಹಿಡಿದ ಮೀನನ್ನೆಲ್ಲ ನಮ್ಮ ಲಾರಿಗೇ ಕೊಡುತ್ತೇವೆಂದು ಒಪ್ಪಿಕೊಂಡ ದೋಣಿಗಳಿಗೆ ಮಾತ್ರ ಅಪಾಯದ ಜಾಗಗಳು ಕಾಣುತ್ತವೆ.

ಕೆಲವರು ಒಪ್ಪಿಕೊಂಡರು. ಏನು ಮಾಡುತ್ತಾರೆ ಪಾಪ, ಜೀವದ ಪ್ರಶ್ನೆ. ಸದಾಶಿವ ಒಪ್ಪಲಿಲ್ಲ. ಮೀನೆಲ್ಲ ಲಾರಿಗೆ ಹೋದರೆ ಅಕ್ಕನ ಬುಟ್ಟಿಗೆ ಏನು ಬರುತ್ತದೆ? ಅಕ್ಕನಂಥ ಹೆಂಗಸರು ಊರಿನಲ್ಲಿ ಎಷ್ಟೋ ಮಂದಿ ಇದ್ದರು.

“ನನಗೆ ಕಡಲು ಗೊತ್ತುಂಟು ಅಕ್ಕ. ನೀನು ಹೆದರಬೇಡ” ಎಂದ.

ಅವನಿಗೆ ಗೊತ್ತಿದ್ದದ್ದು ಮೊಬೈಲಿನ ಕಡಲು. ಮಳೆಗಾಲಕ್ಕೆ ಇನ್ನೇನು ಕೆಲವೇ ದಿನ ಇತ್ತು. ಒಂದು ಮಧ್ಯಾಹ್ನ ಮೋಡ ಕವಿದು ಮಳೆ ಶುರುವಾಯಿತು. ದಂಡೆ ಕಾಣದಾಯಿತು. ಸದಾಶಿವ ಅಂದಾಜಿನ ಮೇಲೆ ದೋಣಿ ತಿರುಗಿಸಿದ. ಪೀಂ ಎಂದು ಕೂಗಬೇಕಾದ ಜಾಗದಲ್ಲಿ ಆ್ಯಪ್ ಬಾಯಿ ಮುಚ್ಚಿಕೊಂಡಿತ್ತು. ದೋಣಿ ಕಲ್ಲಿಗೆ ಬಡಿದು ಸೀಳಿತು.

ಸದಾಶಿವ ಖಾಲಿ ಕ್ಯಾನ್ ತಬ್ಬಿಕೊಂಡು ತೇಲಿದ. ಬೇರೆ ದೋಣಿಯವರು ನೋಡಿ ಎತ್ತಿಕೊಂಡರು. ಕಾಲು ಮುರಿದಿತ್ತು, ಜೀವ ಉಳಿದಿತ್ತು. ಆಸ್ಪತ್ರೆಯಲ್ಲಿ ಜಲಜಕ್ಕ ಕೇಳಿದ್ದು ಒಂದೇ ಮಾತು.

“ಯಾವ ಕಲ್ಲು?”

ತಮ್ಮ ಮುಖ ಆಚೆ ತಿರುಗಿಸಿದ. “ಅಪ್ಪನದ್ದು” ಎಂದ.

ಜಲಜಕ್ಕ ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟಳು. ಆ ಕಲ್ಲಿಗೆ ಗುರುತು ಒತ್ತಿದವಳು ತಾನು. ಅದನ್ನು ಎತ್ತಿ ಕೊಟ್ಟವಳೂ ತಾನು. ತನ್ನ ಗುರುತನ್ನೇ ತನ್ನ ತಮ್ಮನಿಗೆ ಕಾಣದ ಹಾಗೆ ಮಾಡಿದರಲ್ಲ ಎಂದು ಅವಳು ಅತ್ತಳು. ಅತ್ತು ಮುಗಿದ ಮೇಲೆ ಸೆರಗು ಸೊಂಟಕ್ಕೆ ಬಿಗಿದಳು. ಮಳೆಗಾಲ ಕಳೆದು ದೋಣಿಗಳು ಮತ್ತೆ ಕಡಲಿಗಿಳಿಯುವ ಮೊದಲು ಆ ಕಲ್ಲುಗಳು ಎಲ್ಲರಿಗೂ ಕಾಣಬೇಕು. ಕಾಣಿಸದೆ ಬಿಡುವುದಿಲ್ಲ ಎಂದು ನಿಶ್ಚಯ ಮಾಡಿದಳು.

ಅತ್ತ ಗುರಿಕಾರರು ಊರಿನ ಸಭೆ ಕರೆದರು. ಅವರ ಸಿಟ್ಟು ನೆತ್ತಿಗೇರಿತ್ತು. “ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತ ಆಯ್ತು ನಮ್ಮ ಕಥೆ. ಇನ್ನು ಮೇಲೆ ಹಗ್ಗ ಮುಟ್ಟಿದ್ದಕ್ಕೆ ಹೊರಗಿನವರಿಗೆ ಪಾಲಿಲ್ಲ. ಕಲ್ಲಿನ ವಿಷಯ ಊರಿನವರು ಊರಿನವರಿಗೂ ಹೇಳಬೇಕಾಗಿಲ್ಲ. ಅವರವರ ಮನೆಯ ಗುಟ್ಟು ಅವರವರಿಗಿರಲಿ.”

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರಿಗೆ ಯಾವಾಗಲೂ ಚಪ್ಪಾಳೆ ಜಾಸ್ತಿ. ಎಲ್ಲರೂ ಸರಿ ಸರಿ ಎಂದರು. ಜಲಜಕ್ಕ ಎದ್ದು ನಿಂತಳು.

“ಗುರಿಕಾರರೇ, ನೆಗಡಿ ಆಯ್ತು ಅಂತ ಮೂಗು ಕೊಯ್ಕೊಳ್ಳುದಾ? ನಾವು ಪಾಲು ಕೊಟ್ಟದ್ದು ತಪ್ಪಲ್ಲ. ಪಾಲು ಕೇಳಿದವನಿಗೆ ಬಲೆಯನ್ನೇ ಕೊಟ್ಟೆವಲ್ಲ, ಅದು ತಪ್ಪು.”

“ಹಾಗಾದ್ರೆ ಈಗ ಎಂತ ಮಾಡುದು ಹೇಳು.”

“ಬಲೆ ಮತ್ತೆ ನೇಯುದು. ಈ ಸಲ ಯಾರೂ ಎತ್ತಿಕೊಂಡು ಹೋಗದ ಹಾಗೆ ನೇಯುದು.”

ಗುರಿಕಾರರು ಕೈ ಬೀಸಿಬಿಟ್ಟರು. ಸಭೆ ಮುಗಿಯಿತು. ಅವಳ ಜೊತೆ ಯಾರೂ ಹೊರಡಲಿಲ್ಲ.

ಪಂಚಾಯತಿನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವಳು ತಾಹಿರಾ. ಊರಿನವರಿಗೆ ತಾಹಿರಾ ಟೀಚರ್. ಮಕ್ಕಳಿಗೆ ಅಲ್ಲಿನ ಕಂಪ್ಯೂಟರಿನಲ್ಲಿ ದುಡ್ಡಿಲ್ಲದೆ ಸಿಗುವ ಪಾಠಗಳು, ನಿಘಂಟು, ಹಳೆಯ ಪುಸ್ತಕಗಳನ್ನು ಹುಡುಕಿಕೊಡುತ್ತಿದ್ದಳು. ಜಲಜಕ್ಕ ನೇರ ಅಲ್ಲಿಗೆ ಹೋಗಿ ಮೊಬೈಲನ್ನು ಮೇಜಿನ ಮೇಲಿಟ್ಟಳು.

“ಟೀಚರ್, ನಾನು ಒಪ್ಪಿದ್ದು ಏನನ್ನು ಅಂತ ನನಗೆ ಓದಿ ಹೇಳಿ.”

ತಾಹಿರಾ ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಬೆಳಗಿನ ಚಹಾ ತಣ್ಣಗಾಯಿತು. ನೀವು ಕೊಟ್ಟದ್ದೆಲ್ಲ ನಮ್ಮದು ಎಂದು ಒಂದು ಕಡೆ ಇತ್ತು. ನಮಗೆ ಬೇಕಾದಾಗ ಮುಚ್ಚಬಹುದು ಎಂದು ಇನ್ನೊಂದು ಕಡೆ. ನಮ್ಮನ್ನು ಮಾರಿದರೆ ನಿಮ್ಮ ಗುರುತುಗಳೂ ಮಾರಿದ ಹಾಗೆ ಎಂದು ಮತ್ತೊಂದು ಕಡೆ. ಏನನ್ನೂ ಮುಚ್ಚಿಟ್ಟಿರಲಿಲ್ಲ. ಎಲ್ಲ ಬರೆದೇ ಇತ್ತು. ಜಲಜಕ್ಕ ತುಟಿ ಕಚ್ಚಿಕೊಂಡು ಕೊನೆಯ ತನಕ ಕೇಳಿದಳು.

“ಬೀಗ ಹಾಕಲಿಕ್ಕೆ ಆಗದಂಥ ಜಾಗ ಯಾವುದೂ ಇಲ್ವಾ ಟೀಚರ್?”

“ಉಂಟು ಜಲಜಕ್ಕ.” ತಾಹಿರಾ ಕಂಪ್ಯೂಟರಿನಲ್ಲಿ ಒಂದು ನಕ್ಷೆ ತೆರೆದಳು. “ಇದು ಮುಕ್ತ ನಕ್ಷೆ. ಊರೂರಿನ ಜನ ಸೇರಿ ಬರೆಯುವುದು. ಯಾರು ಬೇಕಾದ್ರೂ ಬರೆಯಬಹುದು, ಯಾರು ಬೇಕಾದ್ರೂ ನೋಡಬಹುದು, ದುಡ್ಡಿಲ್ಲ. ಮೊಬೈಲಿಗೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡಲಿನಲ್ಲೂ ಕಾಣ್ತದೆ. ಕಂಪೆನಿಯವರೂ ಬಳಸಬಹುದು. ಆದರೆ ಒಂದು ಶರತ್ತುಂಟು. ಇದರಿಂದ ತಗೊಂಡು ಇದಕ್ಕೆ ಏನೇ ಸೇರಿಸಿ ಹಂಚಿದರೂ ಅದು ಎಲ್ಲರಿಗೂ ತೆರೆದೇ ಇರಬೇಕು.”

ಜಲಜಕ್ಕ ಸ್ವಲ್ಪ ಹೊತ್ತು ಯೋಚಿಸಿದಳು. “ಇದು ನಮ್ಮ ರಂಪಣಿಯೇ ಅಲ್ವಾ! ಹಗ್ಗ ಮುಟ್ಟಿದವರಿಗೆಲ್ಲ ಪಾಲು. ಬಲೆ ಮಾತ್ರ ಯಾರೊಬ್ಬರದ್ದೂ ಅಲ್ಲ.”

“ಸರಿಯಾಗಿ ಹೇಳಿದ್ರಿ. ಆದರೆ ಕಲ್ಲುಗಳನ್ನು ಎಲ್ಲಿಂದ ತರುವುದು?”

ಅದೇ ಕಷ್ಟ. ಗ್ರೂಪು ಅಳಿಸಿಹೋಗಿತ್ತು. ಮಳೆಗಾಲದ ಕಡಲಿಗೆ ಇಳಿಯುವಂತಿಲ್ಲ.

ಎರಡು ದಿನ ಬಿಟ್ಟು ಸದಾಶಿವ ಅಕ್ಕನನ್ನು ಹಾಸಿಗೆಯ ಹತ್ತಿರ ಕರೆದ. ಕಾಲಿಗೆ ಪ್ಲಾಸ್ಟರ್ ಇತ್ತು. ಮುಖದಲ್ಲಿ ಖುಷಿ ಇತ್ತು. ಕಂಪೆನಿಗೆ ಒಪ್ಪಿಕೊಂಡ ಗೆಳೆಯನೊಬ್ಬ ಆ್ಯಪಿನ ನಕ್ಷೆಯ ಫೋಟೋ ತೆಗೆದು ಅವನಿಗೆ ಕಳಿಸಿದ್ದ.

“ಎಲ್ಲ ಕಲ್ಲು ಇದರಲ್ಲುಂಟು ಅಕ್ಕ. ನೋಡಿ ಬರೆದ್ರೆ ಆಯ್ತು. ಒಂದು ಸಂಜೆಯ ಕೆಲಸ.”

ಜಲಜಕ್ಕ ಫೋಟೋ ನೋಡಿದಳು. ಅಪ್ಪನ ಕಲ್ಲು ಅಲ್ಲೇ ಇತ್ತು. ಆದರೆ ಅಪ್ಪನ ಹೆಸರಿರಲಿಲ್ಲ. ಅವಳು ಬರೆದ ಮಾತನ್ನು ಅಳಿಸಿ ಒಂದು ನಂಬರ್ ಕೊಟ್ಟಿದ್ದರು. ಅವಳ ಬೆರಳು ಆ ನಂಬರಿನ ಮೇಲೆ ನಿಂತಿತು. ಕಣ್ಣು ತುಂಬಿತು. ಎಷ್ಟು ಸುಲಭ ಇತ್ತು ನೋಡಿ! ಅವಳ ಜಾಗದಲ್ಲಿ ನಾನಿದ್ದರೆ ಆ ಸಂಜೆಯೇ ಬರೆದು ಮುಗಿಸುತ್ತಿದ್ದೆ. ನೀವೂ ಅಷ್ಟೇ.

ಅವಳು ಫೋಟೋ ಅಳಿಸಿದಳು.

“ಅಕ್ಕಾ! ತಲೆ ಕೆಟ್ಟಿದೆಯಾ ನಿನಗೆ? ನಮ್ಮದೇ ಕಲ್ಲಲ್ವಾ ಅದು?”

“ಕಲ್ಲು ನಮ್ಮದು. ಆ ಚಿತ್ರ ಅವರದ್ದು. ಅದನ್ನು ನೋಡಿ ಬರೆದ್ರೆ ನಾಳೆ ಅವರು ಬಂದು ಕದ್ದದ್ದು ಅಂತಾರೆ. ಆಗ ನನ್ನ ನಾಲಿಗೆ ಏಳುದಿಲ್ಲ. ಕದಿಯದೆ ಬರೆದ್ರೆ ಯಾರಪ್ಪನಿಗೂ ಅಳಿಸಲಿಕ್ಕೆ ಆಗುದಿಲ್ಲ.”

“ಆದ್ರೆ ಹೇಗೆ ಬರೀತಿ?”

“ಕಲ್ಲು ಮೊಬೈಲಿನಲ್ಲಿ ಹುಟ್ಟಿದ್ದಲ್ಲ ತಮ್ಮ. ಮೊದಲು ಮುದುಕರ ತಲೆಯಲ್ಲಿತ್ತು. ಅಲ್ಲಿಂದಲೇ ತರ್ತೇನೆ.”

ಹಿಂದಿನವರು ಕಡಲಿನಲ್ಲಿ ಜಾಗ ಗುರುತಿಸುತ್ತಿದ್ದ ಕ್ರಮ ಹೀಗೆ. ದೋಣಿಯಿಂದ ದಂಡೆಯ ಕಡೆ ನೋಡುವುದು. ಮಸೀದಿಯ ಮಿನಾರ ಮತ್ತು ಅದರ ಹಿಂದಿನ ಗುಡ್ಡದ ತುದಿ ಒಂದೇ ನೇರಕ್ಕೆ ಬಂದರೆ ಅದು ಒಂದು ಗೆರೆ. ಇನ್ನೊಂದು ಬದಿಗೆ ನೋಡಿದಾಗ ದೀಪಸ್ತಂಭ ಮತ್ತು ಒಂಟಿ ತಾಳೆಮರ ನೇರಕ್ಕೆ ಬಂದರೆ ಅದು ಇನ್ನೊಂದು ಗೆರೆ. ಎರಡು ಗೆರೆ ಕೂಡುವ ಕಡೆ ಕಲ್ಲು. ರಂಪಣಿಯ ಹಾಗೆ ಇದಕ್ಕೂ ಎರಡು ಹಗ್ಗ ಬೇಕು. ಒಂದೇ ಗೆರೆ ಗೊತ್ತಿದ್ದರೆ ಕಲ್ಲು ಸಿಗುವುದಿಲ್ಲ.

ಜಲಜಕ್ಕ ಬುಟ್ಟಿಗೆ ಒಣಮೀನು ತುಂಬಿಕೊಂಡು ಕೊಡೆ ಹಿಡಿದು ಹೊರಟಳು. ಮನೆಮನೆಗೆ ಹೋಗುವುದು ಅವಳಿಗೆ ಹೊಸದೇನಲ್ಲ. ಮೀನು ಕೊಡುತ್ತಾ ಗೆರೆ ಕೇಳಿದಳು. ಹೆಚ್ಚಿನ ಮನೆಯಲ್ಲಿ ಬಾಗಿಲು ಅರ್ಧ ಮುಚ್ಚಿತು.

“ಒಮ್ಮೆ ಕೊಟ್ಟು ಕೆಟ್ಟದ್ದು ಸಾಕಲ್ವಾ ಜಲಜಕ್ಕ?”

“ಒಮ್ಮೆ ಬಲೆ ಹರೀತು ಅಂತ ನೀವು ಮೀನು ಹಿಡಿಯುದು ಬಿಟ್ರಾ?” ಎಂದು ಅವಳು ಮರುದಿನ ಮತ್ತೆ ಹೋಗುತ್ತಿದ್ದಳು. ಬೈದರೆ ಬೈಸಿಕೊಂಡಳು. ನಕ್ಕರೆ ತಾನೂ ನಕ್ಕಳು. ಹೆಂಗಸರು ಮೊದಲು ಕರಗಿದರು. ಗಂಡಂದಿರು ಊಟದ ಹೊತ್ತಿಗೆ ಹೇಳಿದ್ದ ಗೆರೆಗಳನ್ನು ನೆನಪಿಸಿಕೊಂಡು ಹೇಳಿದರು. ಒಬ್ಬರ ಮನೆಯಲ್ಲಿ ಒಂದು ಗೆರೆ, ಇನ್ನೊಬ್ಬರ ಮನೆಯಲ್ಲಿ ಇನ್ನೊಂದು. ತಾಹಿರಾ ಅವನ್ನು ಮುಕ್ತ ನಕ್ಷೆಯ ಮೇಲೆ ಎಳೆದಳು. ಎಷ್ಟೋ ಮರಗಳು ಬಿದ್ದಿದ್ದವು. ಅವುಗಳ ಬುಡ ಹುಡುಕಿ ಗೂಟ ಹೊಡೆದು ಗುರುತು ಮಾಡಿದರು. ಕಲ್ಲುಗಳು ಒಂದೊಂದಾಗಿ ನಕ್ಷೆಗೆ ಬಂದವು.

ಅಪ್ಪಿಯಣ್ಣನ ಕಲ್ಲು ಮಾತ್ರ ಬರಲಿಲ್ಲ. ಅದರ ಒಂದು ಗೆರೆ ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ಗೊತ್ತಿದ್ದದ್ದು ದೂಮ ಮೆಂಡನ್ ಎಂಬ ಮುದುಕನಿಗೆ ಮಾತ್ರ. ಅವನೋ, ಬಾಯಿ ಬಿಡದವನು. ಕಲ್ಲಿನ ಸಂದಿಯಲ್ಲಿ ದೊಡ್ಡ ದೊಡ್ಡ, ಬೆಲೆಬಾಳುವ ಮುರು ಮೀನು ಇರುತ್ತದೆ. ಕಲ್ಲಿನ ಜಾಗ ಹೇಳಿದರೆ ಮುರುವಿನ ಜಾಗ ಹೇಳಿದಂತೆ. ಹಾಗೆಂದು ಆ ಗೆರೆಯನ್ನು ಅವನು ಜೀವಮಾನವಿಡೀ ನುಂಗಿಕೊಂಡಿದ್ದ.

ಜಲಜಕ್ಕ ಹೋದಾಗ ಅವನು ಚಾವಡಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ. “ನನಗೆ ಎಂತದೂ ಗೊತ್ತಿಲ್ಲ, ಹೋಗು” ಎಂದ.

ಅವಳು ಬುಟ್ಟಿ ಇಳಿಸಿ ಎದುರಿಗೆ ಕೂತಳು.

“ಅಜ್ಜ, ನನ್ನಪ್ಪ ಸಾಯುವ ಮೊದಲೇ ನಿಮಗೆ ಆ ಕಲ್ಲು ಗೊತ್ತಿತ್ತು. ಅಮ್ಮ ನನಗೆ ಹೇಳಿದ್ಲು. ನಾನು ಇಷ್ಟು ವರ್ಷ ನಿಮ್ಮ ಮನೆಗೆ ಮೀನು ಕೊಟ್ಟೆ. ಒಂದು ದಿನ ಆ ಮಾತು ಎತ್ತಲಿಲ್ಲ.”

ಮುದುಕನ ಕೈಯಲ್ಲಿದ್ದ ಸೂಜಿ ನಿಂತಿತು.

“ಈಗಲೂ ಜಗಳಕ್ಕೆ ಬಂದದ್ದಲ್ಲ. ನೀವು ಮುರು ಮೀನಿಗಾಗಿ ಮುಚ್ಚಿಟ್ರಿ, ಅಪ್ಪ ಹೋದ. ಕಂಪೆನಿಯವರು ಲಾರಿಗಾಗಿ ಮುಚ್ಚಿಟ್ರು, ತಮ್ಮನ ಕಾಲು ಮುರೀತು. ಮುಚ್ಚಿದವರು ಬೇರೆ ಬೇರೆ. ಕಲ್ಲು ಒಂದೇ. ಇನ್ನು ಯಾರ ಸರದಿ ಅಜ್ಜ? ನಿಮ್ಮ ಮೊಮ್ಮಗನೂ ಈ ಸಲ ದೋಣಿ ಹತ್ತುತ್ತಾನಂತೆ.”

ಹೊರಗೆ ಮಳೆ ಹೊಯ್ಯುತ್ತಿತ್ತು. ದೂಮಜ್ಜ ಬಲೆಯನ್ನು ಪಕ್ಕಕ್ಕೆ ಸರಿಸಿ ಕೈ ಎತ್ತಿ ತೆಂಕು ದಿಕ್ಕಿಗೆ ತೋರಿಸಿದ.

“ಇಗರ್ಜಿಯ ಶಿಲುಬೆ ಉಂಟಲ್ಲ, ಅದು ಹಿಂದಿನ ಬೋಳುಗುಡ್ಡದ ಕಣಿವೆಯಲ್ಲಿ ಕೂತುಕೊಳ್ಬೇಕು. ಸರಿ ನಡುವಿಗೆ. ಆ ಗೆರೆ ಹಿಡಿದು ಹೋದ್ರೆ ಸಿಗ್ತದೆ.” ಅವನು ಸೂಜಿ ಕೆಳಗಿಟ್ಟ. “ಬರ್ಕೋ ಮಗಾ. ಅಪ್ಪಿಯ ಹೆಸರು ಬರಿ.”

ಜಲಜಕ್ಕ ಅಲ್ಲೇ ಅತ್ತುಬಿಟ್ಟಳು. ಮುದುಕನೂ ಅತ್ತ.

ಸುದ್ದಿ ಕೇಳಿ ಪ್ರಣೀತ್ ಊರಿಗೆ ಓಡಿಬಂದ. ಈ ಸಲ ಚಹಾ ಕುಡಿಯಲಿಲ್ಲ. “ಆ ಗುರುತುಗಳು ಕಂಪೆನಿಯ ಸ್ವತ್ತು. ನೀವೇ ಒಪ್ಪಿದ್ದೀರಿ. ಬೇರೆ ಕಡೆ ಹಾಕಿದರೆ ನೋಟೀಸು ಬರುತ್ತದೆ” ಎಂದ.

“ನಿಮ್ಮ ನಕ್ಷೆ ನಿಮ್ಮ ಹತ್ತಿರವೇ ಇರಲಿ” ಎಂದಳು ಜಲಜಕ್ಕ. “ಅದರಿಂದ ಒಂದು ಚುಕ್ಕೆಯನ್ನೂ ನಾವು ಮುಟ್ಟಲಿಲ್ಲ. ಇದು ನಮ್ಮ ಮುದುಕರು ಹೇಳಿದ್ದು. ಯಾರು ಯಾವ ಗೆರೆ ಕೊಟ್ಟದ್ದು ಅಂತ ಹೆಸರು ಸಮೇತ ಉಂಟು. ಬೇಕಾದ್ರೆ ಮನೆಮನೆಗೆ ಹೋಗಿ ಕೇಳಿ. ಕಲ್ಲು ನಿಮ್ಮ ಕಂಪೆನಿಗಿಂತ ಮೊದಲೇ ಕಡಲಿನಲ್ಲಿತ್ತು.”

ಪ್ರಣೀತ್ ಮನೆಮನೆಗೆ ಹೋಗಿ ಕೇಳಿಯೂ ಕೇಳಿದ. ಪ್ರತಿ ಮನೆಯಲ್ಲಿ ಒಬ್ಬೊಬ್ಬರು ಎದ್ದು ನಿಂತು ಕೈ ಎತ್ತಿ ಗೆರೆ ತೋರಿಸಿದರು. ಅವನು ತಲೆ ತಗ್ಗಿಸಿ ಹೋದ. ಯಾವ ನೋಟೀಸೂ ಬರಲಿಲ್ಲ.

ಮಳೆ ಕಡಿಮೆಯಾಗಿ ಕಡಲಿನ ಅಬ್ಬರ ಇಳಿಯಿತು. ದೋಣಿಯವರು ಮೊದಲು ಬಲೆ ಒಯ್ಯಲಿಲ್ಲ. ಆಳ ನೋಡಲು ಸೀಸದ ಗುಂಡು ಕಟ್ಟಿದ ಹಗ್ಗ ಒಯ್ದರು. ನಕ್ಷೆಯಲ್ಲಿದ್ದ ಪ್ರತಿ ಜಾಗಕ್ಕೆ ಹೋಗಿ ಹಗ್ಗ ಇಳಿಸಿ ನೋಡಿದರು. ತಪ್ಪಿದ್ದನ್ನು ತಿದ್ದಿದರು. ಪ್ಲಾಸ್ಟರ್ ಬಿಚ್ಚಿದ ಸದಾಶಿವ ಕುಂಟುತ್ತಾ ಬಂದು ದೋಣಿ ಹತ್ತಿದ. ಅಪ್ಪನ ಕಲ್ಲಿನ ಮೇಲೆ ಗುಂಡು ಠಣ್ ಎಂದಾಗ ಸದಾಶಿವ ಹಗ್ಗವನ್ನು ಇನ್ನೊಮ್ಮೆ ಇಳಿಸಿ ನೋಡಿದ. ಅದು ಸರಿಯಾದ ಜಾಗವೇ ಆಗಿತ್ತು.

ಕಲ್ಲುಗಳು ಪುಕ್ಕಟೆಯಾಗಿ ಕಂಡ ಮೇಲೆ ಕಂಪೆನಿಯ ಲಾರಿಗೆ ಬರೆದುಕೊಟ್ಟವರೂ ಹೊರಬಂದರು. ಮೀನು ಮತ್ತೆ ಹೆಂಗಸರ ಬುಟ್ಟಿಗೆ ಬಂತು.

ಆ ಸಲದ ಮೊದಲ ರಂಪಣಿಯ ದಿನ ಪ್ರಣೀತ್ ದಂಡೆಯಲ್ಲಿ ಕಾಣಿಸಿಕೊಂಡ. ದೂರದಲ್ಲೇ ನಿಂತ. ಬಲೆ ಭಾರವಾಗಿತ್ತು. ತೆಂಕಿನ ಹಗ್ಗಕ್ಕೆ ಕೈ ಸಾಲದೆ ಬಲೆ ಸೊಟ್ಟಗಾಗತೊಡಗಿತ್ತು. ಎಲ್ಲರೂ ಗುರಿಕಾರರ ಮುಖ ನೋಡಿದರು. ಹೊರಗಿನವರಿಗೆ ಪಾಲಿಲ್ಲ ಎಂದವರು ಅವರೇ ತಾನೆ. ಗುರಿಕಾರರು ಜಲಜಕ್ಕನ ಮುಖ ನೋಡಿದರು.

“ಎಂತ ನೋಡುದು ಸರ್?” ಜಲಜಕ್ಕ ಪ್ರಣೀತನ ಕಡೆ ಕೂಗಿದಳು. “ಬನ್ನಿ, ಹಗ್ಗ ಹಿಡೀರಿ!”

ಅವನು ಚಪ್ಪಲಿ ಬಿಟ್ಟು ಓಡಿಬಂದ. ಬಲೆ ನೇರವಾಗಿ ದಂಡೆಗೆ ಬಂತು. ಗುರಿಕಾರರು ತಮ್ಮ ಕೈಯಿಂದಲೇ ಅವನ ಮುಂದೆ ಬಂಗುಡೆ ಹಾಕಿದರು. “ಇದು ನಿಮ್ಮ ಪಾಲು” ಎಂದರು. ಹಗ್ಗದ ಕಟ್ಟಳೆ ಉಳಿಯಿತು.

ಪ್ರಣೀತ್ ತಡವರಿಸಿದ. “ಆ ಕಂಪೆನಿ ಬಿಟ್ಟಿದ್ದೇನೆ. ಒಂದು ಹೊಸ ಆ್ಯಪ್ ಮಾಡುತ್ತಿದ್ದೇನೆ. ನಿಮ್ಮ ನಕ್ಷೆ ಹಾಕಿಕೊಳ್ಳಬಹುದಾ?”

“ಅದು ಎಲ್ಲರದ್ದು. ನಿಮಗೂ ಉಂಟು” ಎಂದಳು ಜಲಜಕ್ಕ. “ಬೀಗ ಹಾಕಬಾರದು. ಸೇರಿಸಿದ್ದನ್ನು ಎಲ್ಲರಿಗೂ ತೋರಿಸಬೇಕು. ಶರತ್ತೆಲ್ಲ ಇಲ್ಲಿ ಕನ್ನಡದಲ್ಲೇ ಉಂಟು, ಟೀಚರ್ ಬರೆದದ್ದು.” ಅವಳು ಮೊಬೈಲ್ ಕೊಟ್ಟಳು.

“ಒಪ್ಪಿದೆ, ಒಪ್ಪಿದೆ” ಎಂದ ಅವನು ಅವಸರದಲ್ಲಿ.

“ಓದದೆ ಒಪ್ಪಬೇಡಿ ಮಾರಾಯ್ರೇ! ಅಲ್ಲಿ ದೋಣಿಯ ಮೇಲೆ ಕೂತು ಪೂರ್ತಿ ಓದಿ.”

ಊರಿಗೆ ಊರೇ ನಕ್ಕಿತು. ಅವನೂ ನಾಚಿಕೊಂಡು ನಕ್ಕ. ಬೋರಲು ಹಾಕಿದ್ದ ದೋಣಿಯ ಮೇಲೆ ಕೂತು ಕೊನೆಯ ಸಾಲಿನ ತನಕ ಓದಿದ.

ಇದಾಗಿ ಕೆಲವು ತಿಂಗಳ ಮೇಲೆ, ಮಂಜು ಕವಿದ ಒಂದು ಬೆಳಿಗ್ಗೆ, ಜಲಜಕ್ಕ ಬಂದರಿನ ಮೂಲೆಯಲ್ಲಿ ಬುಟ್ಟಿ ಇಟ್ಟು ಕೂತಿದ್ದಳು. ಪಕ್ಕದಲ್ಲಿ ದೂಮಜ್ಜ ಬೀಡಿ ಸೇದುತ್ತಿದ್ದ. ಬಡಗು ದಿಕ್ಕಿನ ಯಾವುದೋ ಊರಿನ ದೋಣಿ ಬಂದು ನಿಂತಿತು. ಯಾರಿಗೂ ಪರಿಚಯವಿಲ್ಲದ ಜನ. ಅವರಲ್ಲೊಬ್ಬ ಮಂಜಿನಿಂದ ಒದ್ದೆಯಾದ ತಲೆ ಒರೆಸಿಕೊಳ್ಳುತ್ತಾ ಅವಳ ಹತ್ತಿರ ಬಂದ.

“ಅಕ್ಕಾ, ಒಂದು ಮಾತು ಕೇಳಬೇಕಿತ್ತು. ನಿಮ್ಮ ಊರಲ್ಲಿ ಈ ಅಪ್ಪಿಯಣ್ಣ ಅಂದರೆ ಯಾರು?”

ಜಲಜಕ್ಕನ ಕೈ ಬುಟ್ಟಿಯಲ್ಲೇ ಉಳಿಯಿತು. “ಯಾಕೆ?”

“ನಮ್ಮ ಮುಂದೆ ಎಂತದೂ ಕಾಣ್ತಾ ಇರಲಿಲ್ಲ. ದೋಣಿಯಲ್ಲಿ ಏಳು ಜನ. ಮೊಬೈಲಿನಲ್ಲಿ ಅಪ್ಪಿಯಣ್ಣನ ಕಲ್ಲು, ದೂರ ಹೋಗಿ ಅಂತ ಬಂತು. ತಿರುಗಿಸಿದೆವು. ತಿರುಗಿಸಿದ ಮೇಲೆ ಪಕ್ಕದಲ್ಲೇ ನೊರೆ ಕಾಣಿಸಿತು. ಆ ಪುಣ್ಯಾತ್ಮ ಸಿಕ್ಕಿದರೆ ಕೈ ಮುಗಿದು ಹೋಗುವ ಅಂತ ಬಂದೆ.”

ದೂಮಜ್ಜ ಬೀಡಿ ಕೆಳಗಿಟ್ಟ. ಜಲಜಕ್ಕ ಕಡಲಿನ ಕಡೆ ನೋಡಿದಳು. ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ.

“ನನ್ನಪ್ಪ” ಎಂದಳು.

ನೀತಿ: ಹಗ್ಗ ಮುಟ್ಟಿದವರಿಗೆಲ್ಲ ಪಾಲು ಕೊಡಿ, ಬಲೆಯನ್ನು ಮಾತ್ರ ಯಾರೊಬ್ಬರ ಕೈಗೂ ಕೊಡಬೇಡಿ. ಓದದೆ ಒಪ್ಪಬೇಡಿ. ಒಮ್ಮೆ ಮೋಸ ಹೋದೆವೆಂದು ಹಂಚುವುದನ್ನು ನಿಲ್ಲಿಸಬೇಡಿ. ಎಲ್ಲರ ಕೈಯಿಂದ ಆದದ್ದು ಎಲ್ಲರಿಗೂ ತೆರೆದಿದ್ದರೆ, ಮುಖ ನೋಡದವರ ಜೀವವನ್ನೂ ಅದು ಕಾಯುತ್ತದೆ.